ನಿಂತದ್ದೇ ಬೇರೆ, ಮುಗಿದದ್ದೇ ಬೇರೆ: ಮಡಗಾಂವ್‌ನ ಒಂದು ನೇರಳೆ ವೈನಿನ ಪ್ರಕರಣ

ಜುಲೈ 9ರ ರಾತ್ರಿ, ಮಡಗಾಂವ್‌ನಲ್ಲಿರುವ ನನ್ನ ಅಕ್ಕನ ಬಾಡಿಗೆ ಮನೆಯಲ್ಲಿ, ಅಡುಗೆಕಟ್ಟೆಯ ಕೆಳಗೆ ಸಾಲಾಗಿ ನಿಲ್ಲಿಸಿದ್ದ 13 ಬಾಟಲಿ ನೇರಳೆಹಣ್ಣಿನ ವೈನಿನಲ್ಲಿ ಒಂದು ಸಿಡಿಯಿತು. ಎಲ್ಲರೂ ಮಲಗಿದ್ದ ಹೊತ್ತಾದ್ದರಿಂದ ಯಾರಿಗೂ ಗಾಯವಾಗಲಿಲ್ಲ. ಗಾಜಿನ ಚೂರುಗಳು ಗ್ಯಾಸ್ ಸಿಲಿಂಡರಿನ ಹಿಂದಿನವರೆಗೂ ಹಾರಿದ್ದವು. ಗೋಡೆಯ ಸುಣ್ಣದ ಮೇಲೆ ಮೊಣಕಾಲೆತ್ತರಕ್ಕೆ ಚಿಮ್ಮಿದ ಕಲೆ ಇಂದಿಗೂ ಪೂರ್ತಿ ಹೋಗಿಲ್ಲ. ಅದೇ ಊರಿನಲ್ಲಿ ರಸಾಯನಶಾಸ್ತ್ರ ಕಲಿಸುವ ನನಗೆ ಬೆಳಗಾಗುವ ಮೊದಲೇ ಫೋನ್ ಬಂತು. ಧಾರವಾಡ ಬಿಟ್ಟು ಹದಿನೈದು ವರ್ಷವಾದರೂ ಅಕ್ಕನ ಮಾತು ಧಾರವಾಡದ್ದೇ: “ಇಪ್ಪತ್ತೊಂದು ದಿನ ಆಗಿತ್ತು, ಗುಳ್ಳಿ ನಿಂತಿದ್ವು, ತಿಳೀನೂ ಆಗಿತ್ತು. ಇನ್ನೇನು ನೋಡಬೇಕಿತ್ತೋ ತಮ್ಮಾ?” ಮುಂದಿನ ಮೂರು ತಿಂಗಳು ನಾವಿಬ್ಬರೂ ಉತ್ತರ ಹುಡುಕಿದ್ದು ಈ ಪ್ರಶ್ನೆಗೇ. ಆ ಹುಡುಕಾಟದಲ್ಲಿ ಕಂಡದ್ದನ್ನು ಇಲ್ಲಿ ದಾಖಲಿಸಿದ್ದೇನೆ.

ವೈನ್ ಇಟ್ಟದ್ದು ಮೇ 26ರಂದು. ಪಕ್ಕದ ಮನೆಯ ಆಂಟಿ ಪ್ರತಿವರ್ಷ ಕ್ರಿಸ್‌ಮಸ್‌ಗೆಂದು ಮಾಡುವ ದ್ರಾಕ್ಷಿ ವೈನಿನ ಲೆಕ್ಕವನ್ನೇ ಅಕ್ಕ ನೇರಳೆಗೆ ಹೊಂದಿಸಿಕೊಂಡಿದ್ದಳು: 5 ಕಿಲೋ ಹಣ್ಣು, 3 ಕಿಲೋ ಸಕ್ಕರೆ, ಕುದಿಸಿ ಆರಿಸಿದ 7 ಲೀಟರ್ ನೀರು, ಒಂದು ಹಿಡಿ ಗೋಧಿ, ನಾಲ್ಕು ಲವಂಗ, ಒಂದು ತುಂಡು ದಾಲ್ಚಿನ್ನಿ ಮತ್ತು ಎರಡು ಚಮಚ ಬ್ರೆಡ್ ಯೀಸ್ಟ್. ಗೋಧಿ ಹಾಕಿದರೆ ವೈನಿಗೆ ಕಸುವು ಬರುತ್ತದೆಂಬ ನಂಬಿಕೆ ಎಲ್ಲ ಕಡೆ ಇದೆ. ಆದರೆ ಮೊಳಕೆ ಬರಿಸದ ಗೋಧಿಯ ಪಿಷ್ಟವನ್ನು ಯೀಸ್ಟ್ ನೇರವಾಗಿ ಅರಗಿಸಿಕೊಳ್ಳಲಾರದು. ಅದರಿಂದ ವೈನು ಮಸುಕಾಗುವುದೇ ಹೆಚ್ಚು. ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಗೋವಾದಲ್ಲಿ ಮದ್ಯ ತಯಾರಿಕೆ 1964ರ ಅಬಕಾರಿ ಸುಂಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ನೆರೆಯ ಮಹಾರಾಷ್ಟ್ರದಲ್ಲಿ 1949ರ ಮದ್ಯನಿಷೇಧ ಕಾಯ್ದೆ ಇದೆ. ಆದ್ದರಿಂದ ಮನೆಬಳಕೆಗೆ ಮಾಡುವವರೂ ಅಬಕಾರಿ ಕಚೇರಿಯಲ್ಲಿ ವಿಚಾರಿಸಿಕೊಂಡೇ ಮುಂದುವರಿಯಬೇಕು.

ಮೊದಲ ಎಂಟು ದಿನ ಹಣ್ಣಿನ ಸಮೇತ ಎರಡು ಭರಣಿಗಳಲ್ಲಿ, ಬಾಯಿಗೆ ಬಟ್ಟೆ ಕಟ್ಟಿ ಇಟ್ಟಿದ್ದರು. ಮೇ ಕೊನೆಯ ಸೆಕೆಯಲ್ಲಿ ನೊರೆ ಭರಣಿಯ ಕಂಠದವರೆಗೂ ಏರಿ, ಕಿವಿಗೊಟ್ಟರೆ ಸುರ್ರೆನ್ನುವ ಸದ್ದು ಕೇಳುತ್ತಿತ್ತಂತೆ. ಅನಂತರ ಹಿಂಡಿ ಸೋಸಿ ಒಂದು ಪ್ಲಾಸ್ಟಿಕ್ ಕ್ಯಾನಿಗೆ ತುಂಬಿ, ಮುಚ್ಚಳಕ್ಕೆ ರಂಧ್ರ ಕೊರೆದು ಸಲೈನ್ ನಳಿಕೆ ಸಿಕ್ಕಿಸಿ, ಅದರ ತುದಿಯನ್ನು ನೀರಿನ ಬಾಟಲಿಯಲ್ಲಿ ಮುಳುಗಿಸಿದರು. ಇದು ಬಡವರ ಏರ್‌ಲಾಕ್, ಅಂದರೆ ಅನಿಲವನ್ನು ಹೊರಬಿಟ್ಟು ಹೊರಗಿನ ಗಾಳಿಯನ್ನು ಒಳಬಿಡದ ಸಾಧನ. ಕೆಲಸವೇನೋ ಚೆನ್ನಾಗಿಯೇ ಮಾಡುತ್ತದೆ. ಜೂನ್ ಮೊದಲ ವಾರ ಮಳೆ ಹಿಡಿಯಿತು. ಗುಳ್ಳೆಗಳು ನಿಮಿಷಕ್ಕೊಂದರಂತಾಗಿ, ಗಂಟೆಗೊಂದರಂತಾಗಿ, ಜೂನ್ 13ರ ಹೊತ್ತಿಗೆ ನಿಂತೇಹೋದವು. ಜೂನ್ 16ಕ್ಕೆ ಆಂಟಿಯ ಲೆಕ್ಕದ 21 ದಿನವೂ ತುಂಬಿತ್ತು. ಗಸಿಯನ್ನು ತಳದಲ್ಲೇ ಬಿಟ್ಟು ತಿಳಿಯನ್ನಷ್ಟೇ ಬಸಿದು, ತೊಳೆದು ಒಣಗಿಸಿದ ಹಳೆಯ ಬಾಟಲಿಗಳಿಗೆ ತುಂಬಿ ಮುಚ್ಚಳ ಬಿಗಿಯಾಗಿ ತಿರುಗಿಸಿದರು. ರುಚಿ ನೋಡಿದಾಗ ಸಿಹಿಯಾಗಿತ್ತು. ಆ ಸಿಹಿಯೇ ಎಚ್ಚರಿಕೆಯ ಗಂಟೆಯಾಗಬೇಕಿತ್ತು. ಆದರೆ ಕ್ರಿಸ್‌ಮಸ್ ವೈನ್ ಎಂದರೆ ಸಿಹಿಯಾಗಿಯೇ ಇರಬೇಕೆಂಬ ಎಣಿಕೆ ಇದ್ದುದರಿಂದ ಎಲ್ಲರೂ ಅದನ್ನು ಗೆಲುವೆಂದೇ ಎಣಿಸಿದರು. ನೇರಳೆಯ ಒಗರು ಮತ್ತು ಹುಳಿ ಸಿಹಿಯನ್ನು ಬಹಳಷ್ಟು ಮುಚ್ಚಿಡುತ್ತವೆ. ನಾಲಿಗೆಗೆ ಸ್ವಲ್ಪ ಸಿಹಿ ಎನಿಸಿದ್ದರ ಒಳಗೆ ಎಷ್ಟು ಸಕ್ಕರೆ ಇತ್ತೆಂಬುದು ಆಮೇಲೆ ಗೊತ್ತಾಯಿತು.

ಜುಲೈ 10ರಂದು ನಾನು ಹೋದಾಗ ಮೊದಲು ಮಾಡಿದ್ದು ಉಳಿದ 12 ಬಾಟಲಿಗಳ ವ್ಯವಸ್ಥೆ. ಒತ್ತಡವಿರುವ ಬಾಟಲಿಯನ್ನು ಹಾಗೆಯೇ ತಿರುಗಿಸಿ ತೆರೆಯಲು ಹೋಗಬಾರದು. ಕನ್ನಡಕ ಹಾಕಿಕೊಂಡು, ದಪ್ಪ ಒದ್ದೆ ಟವೆಲಿನಲ್ಲಿ ಒಂದೊಂದನ್ನೇ ಸುತ್ತಿ ಫ್ರಿಜ್ಜಿಗೆ ಸೇರಿಸಿದೆವು, ಏಕೆಂದರೆ ತಣ್ಣಗಾದಷ್ಟೂ ಅನಿಲ ದ್ರವದಲ್ಲೇ ಕರಗಿ ಉಳಿಯುತ್ತದೆ. ಮರುದಿನ ಬಚ್ಚಲಿನಲ್ಲಿ ಕೂತು, ಟವೆಲಿನ ಒಳಗಿಂದಲೇ ಮುಚ್ಚಳವನ್ನು ಕೂದಲೆಳೆಯಷ್ಟು ಸಡಿಲಿಸಿ, ಸುಯ್ಯೆನ್ನುವುದು ನಿಲ್ಲುವವರೆಗೂ ಕಾದು ತೆರೆದೆವು. ಎರಡು ಬಾಟಲಿಗಳಿಂದ ನೊರೆ ಉಕ್ಕಿ ಮೊಣಕೈವರೆಗೂ ಹರಿಯಿತು.

ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಿಂದ ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಒಂದನ್ನು ಕೊಂಡೆ. ಹಾಲು ಪರೀಕ್ಷಿಸುವ ಲ್ಯಾಕ್ಟೋಮೀಟರ್ ಮನೆಯಲ್ಲೇ ಇದೆಯಲ್ಲ ಎಂದು ಭಾವ ಕೇಳಿದರು. ಅದರ ಗೀಟುಗಳು ಹಾಲಿನ ಸಾಂದ್ರತೆಗೆ ತಕ್ಕಂತೆ 1.015ರ ಸುಮಾರಿನಿಂದ ಮೇಲಕ್ಕೆ ಇರುತ್ತವೆ. ವೈನ್ ಮುಗಿಯುವುದು ಅದಕ್ಕಿಂತ ಬಹಳ ಕೆಳಗೆ. ಹೈಡ್ರೋಮೀಟರಿನ ತತ್ತ್ವ ಸರಳ. ಶುದ್ಧ ನೀರಿನಲ್ಲಿ ಅದು 1.000 ತೋರಿಸುತ್ತದೆ, ಸಕ್ಕರೆ ಕರಗಿದ ನೀರಿನಲ್ಲಿ ಮೇಲಕ್ಕೆ ತೇಲಿ ಹೆಚ್ಚಿನ ಅಂಕಿ ತೋರಿಸುತ್ತದೆ. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರ ಮಾಡುತ್ತ ಹೋದಂತೆ ಅಂಕಿ ಇಳಿಯುತ್ತದೆ. ಮದ್ಯಸಾರದ ಸಾಂದ್ರತೆ 0.789 ಮಾತ್ರ ಆಗಿರುವುದರಿಂದ, ಸಕ್ಕರೆ ಪೂರ್ತಿ ಖರ್ಚಾದ ವೈನು ನೀರಿಗಿಂತಲೂ ಹಗುರಾಗಿ 0.990ರಿಂದ 1.000ದ ನಡುವೆ ಬಂದು ನಿಲ್ಲುತ್ತದೆ.

ಅಳೆಯುವಾಗ ಕೈ ತಪ್ಪುವ ಜಾಗಗಳೂ ಇವೆ, ಮೊದಲ ಬಾಟಲಿಯಲ್ಲೇ ನಾವು ತಪ್ಪಿದೆವು. ನೀಳ ಗಾಜಿನ ಜಾಡಿಗೆ ವೈನ್ ಸುರಿದು ಹೈಡ್ರೋಮೀಟರ್ ಇಳಿಬಿಟ್ಟಾಗ 1.024 ತೋರಿಸಿತು. ಬೆಳಕಿಗೆ ಹಿಡಿದು ನೋಡಿದರೆ ಅದರ ಮೈಗೆಲ್ಲ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಅಂಟಿಕೊಂಡು ಅದನ್ನು ಮೇಲಕ್ಕೆತ್ತುತ್ತಿದ್ದವು. ವೈನನ್ನು ಎರಡು ಪಾತ್ರೆಗಳ ನಡುವೆ ಚಹಾ ಆರಿಸಿದಂತೆ ಹತ್ತಿಪ್ಪತ್ತು ಸಲ ಎತ್ತಿ ಸುರಿದು, ಅನಿಲ ಹೋಗಲಾಡಿಸಿ, ಹೈಡ್ರೋಮೀಟರನ್ನು ಬೆರಳಿನಿಂದ ಒಮ್ಮೆ ಗಿರ್ರನೆ ತಿರುಗಿಸಿ ಬಿಟ್ಟಾಗ ಅದು 1.017ಕ್ಕೆ ಇಳಿಯಿತು. ಉಪಕರಣವನ್ನು 20 ಡಿಗ್ರಿಗೆ ಹೊಂದಿಸಿರುತ್ತಾರೆ, ನಮ್ಮ ವೈನ್ 28 ಡಿಗ್ರಿಯಲ್ಲಿತ್ತು. ಅದಕ್ಕೆ ಸುಮಾರು 0.002 ಕೂಡಿಸಬೇಕು. ಹಾಗಾಗಿ ನಿಜವಾದ ಅಂಕಿ 1.019. ಇನ್ನೊಂದು ಬಾಟಲಿ 1.016 ತೋರಿಸಿತು. ಮುಂದೆ ಬರುವ ಎಲ್ಲ ಅಂಕಿಗಳೂ ಹೀಗೆ ತಿದ್ದಿದವು.

ಒಂದೇ ಕ್ಯಾನಿನಿಂದ ಒಂದೇ ದಿನ ತುಂಬಿದ ಬಾಟಲಿಗಳಲ್ಲಿ ಈ ವ್ಯತ್ಯಾಸ ಏಕೆ? ಅಕ್ಕ ಕೊನೆಗೆ ತುಂಬಿದ್ದು ಆಕಾರವೇ ಬೇರೆಯಾದ ಒಂದು ಹಳೆಯ ಶರಬತ್ತಿನ ಬಾಟಲಿಗೆ, ಸಿಡಿದದ್ದೂ ಅದೇ. ಕ್ಯಾನಿನ ತಳ ಸಮೀಪಿಸಿದಂತೆ ತಿಳಿಯ ಜೊತೆಗೆ ಗಸಿಯೂ ಒಂದಿಷ್ಟು ಬಂದಿರುತ್ತದೆ, ಗಸಿಯಲ್ಲೇ ಯೀಸ್ಟ್ ಇರುವುದು. ಮೊದಲು ತುಂಬಿದ ಬಾಟಲಿಗಳಲ್ಲಿ ಕೆಲಸ ಮಾಡುವ ಕೈಗಳು ಕಡಿಮೆಯಿದ್ದವು, ಕೊನೆಯದರಲ್ಲಿ ಹೆಚ್ಚಿದ್ದವು.

ಆರಂಭದ ಅಂಕಿಯನ್ನು ಯಾರೂ ಅಳೆದಿರಲಿಲ್ಲ, ಆದರೆ ಪಾಕದ ಲೆಕ್ಕದಿಂದ ಅಂದಾಜಿಸಬಹುದಿತ್ತು. ಹಾಕಿದ ಸಕ್ಕರೆ ಮತ್ತು ಹಣ್ಣಿನದ್ದೇ ಸಕ್ಕರೆ ಸೇರಿ ಲೀಟರಿಗೆ ಸುಮಾರು 270 ಗ್ರಾಂ, ಅಂದರೆ 1.104ರ ಆಸುಪಾಸು. ಆರಂಭದ ಮತ್ತು ಈಗಿನ ಅಂಕಿಯ ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಮದ್ಯಸಾರದ ಶೇಕಡಾ ಪ್ರಮಾಣ ಸಿಗುತ್ತದೆ. ಇಲ್ಲಿ ಅದು ಶೇ. 11. ಬ್ರೆಡ್ ಯೀಸ್ಟ್ ಸಾಮಾನ್ಯವಾಗಿ ಸುಸ್ತಾಗುವುದು ಈ ಮಟ್ಟದಲ್ಲೇ. ಅದರ ಮೇಲೆ ಮಳೆ ಹಿಡಿದು ಮನೆಯೊಳಗಿನ ಸೆಕೆ ಇಳಿದದ್ದು, ಮೂರು ಕಿಲೋ ಸಕ್ಕರೆಯನ್ನು ಒಂದೇ ಸಲಕ್ಕೆ ಸುರಿದದ್ದು, ಯೀಸ್ಟ್ ತುಂಬಿದ ಗಸಿಯನ್ನು ಹಿಂದೆ ಬಿಟ್ಟು ತಿಳಿ ಬಸಿದದ್ದು, ಎಲ್ಲ ಸೇರಿ ಹುದುಗುವಿಕೆ ತೆವಳುವ ಸ್ಥಿತಿಗೆ ಬಂದಿತ್ತು, ಆದರೆ ಸತ್ತಿರಲಿಲ್ಲ. ಬಾಟಲಿಗೆ ಹೋಗುವಾಗ ಲೀಟರಿಗೆ ಏನಿಲ್ಲವೆಂದರೂ 50 ಗ್ರಾಂ ಸಕ್ಕರೆ ಉಳಿದಿತ್ತು. ಹೋಲಿಕೆಗೆ ಷಾಂಪೇನನ್ನು ನೋಡಬಹುದು: ಅದರ ಬಾಟಲಿಯೊಳಗೆ ಬೇಕೆಂದೇ ಹಾಕುವ ಸಕ್ಕರೆ ಲೀಟರಿಗೆ 24 ಗ್ರಾಂ ಮಾತ್ರ, ಅಷ್ಟರಿಂದಲೇ ಸುಮಾರು 6 ವಾತಾವರಣದಷ್ಟು ಒತ್ತಡ ಹುಟ್ಟುತ್ತದೆ, ಅದನ್ನು ತಡೆಯಲೆಂದೇ ಆ ಗಾಜನ್ನು ಅಷ್ಟು ದಪ್ಪಗೆ ಎರೆಯುತ್ತಾರೆ. ನಮ್ಮದು ಶರಬತ್ತಿನ ಬಾಟಲಿ.

ಈಗ ಅಕ್ಕನ ಪ್ರಶ್ನೆ. ಆಕೆ ನೋಡಿದ ಮೂರು ಗುರುತುಗಳೂ ಸುಳ್ಳಾಗಿರಲಿಲ್ಲ, ಅವು ಹೇಳಿದ ವಿಷಯವೇ ಬೇರೆಯಾಗಿತ್ತು. 21 ದಿನವೆಂಬುದು ಆಂಟಿಯ ದ್ರಾಕ್ಷಿಗೆ, ಆಂಟಿಯ ಸಕ್ಕರೆಗೆ, ಅವರು ವೈನ್ ಇಡುವ ಋತುವಿಗೆ ಕೂಡಿಬಂದ ಲೆಕ್ಕ. ಯೀಸ್ಟಿಗೆ ಪಂಚಾಂಗ ಗೊತ್ತಿಲ್ಲ. ತಿಳಿಯಾಗುವುದೆಂದರೆ ಯೀಸ್ಟ್ ತಳಕ್ಕೆ ಇಳಿಯುವುದು, ದಣಿದ ಯೀಸ್ಟೂ ಇಳಿಯುತ್ತದೆ, ಕೆಲಸ ಮುಗಿಸಿದ ಯೀಸ್ಟೂ ಇಳಿಯುತ್ತದೆ. ಇನ್ನು ಗುಳ್ಳೆಯ ವಿಚಾರ. ಖಾಲಿ ಕ್ಯಾನಿನ ಮುಚ್ಚಳ ಬಿಗಿದು, ನಳಿಕೆಯ ತುದಿಯಿಂದ ನಾನು ಊದಿದೆ. ಬೆರಳಿನಿಂದ ತುದಿ ಮುಚ್ಚಿ ಹಿಡಿದರೂ ಒತ್ತಡ ಒಳಗೆ ನಿಲ್ಲಲಿಲ್ಲ. ಸಾಬೂನಿನ ನೀರು ಹಚ್ಚಿ ನೋಡಿದಾಗ ನಳಿಕೆ ಸಿಕ್ಕಿಸಿದ ರಂಧ್ರದ ಸುತ್ತ ಸಣ್ಣ ನೊರೆ ಎದ್ದಿತು. ಅನಿಲ ಜೋರಾಗಿ ಬರುವಾಗ ಒಂದು ಪಾಲು ನೀರಿನೊಳಗಿಂದ ಬಂದು ಗುಳ್ಳೆ ಕಾಣುತ್ತಿತ್ತು. ಮೆಲ್ಲಗಾದಾಗ ಎಲ್ಲವೂ ಆ ಸಂದಿನಿಂದಲೇ ಹೊರಟುಹೋಗುತ್ತಿತ್ತು. ನಿಂತದ್ದು ಗುಳ್ಳೆ, ಹುದುಗುವಿಕೆಯಲ್ಲ.

ಆದರೆ ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಬೇರೆಯೇ. ಹೈಡ್ರೋಮೀಟರ್ ಬಳಸುವವರು ಸಾಮಾನ್ಯವಾಗಿ ಪಾಲಿಸುವ ನಿಯಮ, ಮೂರು ದಿನ ಒಂದೇ ಅಂಕಿ ಬಂದರೆ ಮುಗಿಯಿತು ಎಂಬುದು. ಜೂನ್ 16ರಿಂದ ಜುಲೈ 10ರವರೆಗಿನ 24 ದಿನಗಳಲ್ಲಿ ಆ ಎರಡನೆಯ ಬಾಟಲಿ ಇಳಿದದ್ದು ಹೆಚ್ಚೆಂದರೆ ಮೂರ್ನಾಲ್ಕು ಗೀಟು (ಒಂದು ಗೀಟು ಎಂದರೆ 0.001), ಅಂದರೆ ವಾರಕ್ಕೊಂದು. ಅಕ್ಕನ ಬಳಿ ಜೂನ್ 14, 15, 16ರಂದು ಹೈಡ್ರೋಮೀಟರ್ ಇದ್ದಿದ್ದರೂ ಮೂರೂ ದಿನ ಒಂದೇ ಅಂಕಿ ಕಂಡು, ನಿಯಮದ ಪ್ರಕಾರವೇ ಬಾಟಲಿ ತುಂಬಿಸುತ್ತಿದ್ದಳು. ಹಾಗಾಗಿ ಅಂಕಿ ಅಲುಗದಿರುವುದು ಅರ್ಧ ಉತ್ತರ ಮಾತ್ರ. ಅದು ಎಲ್ಲಿಗೆ ಬಂದು ನಿಂತಿದೆ ಎಂಬುದು ಉಳಿದರ್ಧ. ನಿಲ್ಲಬೇಕಾದ ಜಾಗಕ್ಕಿಂತ ಇಪ್ಪತ್ತು ಗೀಟು ಮೇಲೆ ನಿಂತ ವೈನನ್ನು ಮುಗಿದದ್ದೆಂದು ಒಪ್ಪಿಕೊಳ್ಳುವ ಮೊದಲು ಅದನ್ನು ಒಮ್ಮೆ ಎಬ್ಬಿಸಿ ನೋಡಬೇಕು: ಗಸಿ ಕದಡಿ, ಸ್ವಲ್ಪ ಬೆಚ್ಚಗಿಟ್ಟು, ವಾರದ ಅಂತರದಲ್ಲಿ ಅಳೆಯಬೇಕು.

ನಾವು ಮಾಡಿದ್ದೂ ಅದನ್ನೇ, ಇನ್ನೂ ಸ್ವಲ್ಪ ಗಟ್ಟಿಯಾಗಿ. ಜುಲೈ 12ರಂದು 12 ಬಾಟಲಿಗಳನ್ನೂ, ಅಂದರೆ ಸುಮಾರು 9 ಲೀಟರ್, ಮತ್ತೆ ಕ್ಯಾನಿಗೆ ಸುರಿದೆವು. ಒಟ್ಟು ಅಂಕಿ 1.018. ತರಿಸಿಕೊಂಡಿದ್ದ ವೈನ್ ಯೀಸ್ಟನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಚಮಚ ಸಕ್ಕರೆ ಕೊಟ್ಟು ನೊರೆ ಬರಿಸಿದೆವು. ಅದನ್ನು ನೇರವಾಗಿ ಶೇ. 11 ಮದ್ಯಸಾರಕ್ಕೆ ತಳ್ಳಿದರೆ ಹೊಸ ಯೀಸ್ಟೂ ಕಂಗೆಟ್ಟು ಕೂರುತ್ತದೆ. ಆದ್ದರಿಂದ ಅದಕ್ಕೇ ವೈನನ್ನು ಮೊದಲು ಅರ್ಧ ಲೋಟ, ಕೆಲವು ಗಂಟೆ ಬಿಟ್ಟು ಒಂದು ಲೋಟ, ಆಮೇಲೆ ಎರಡು ಲೋಟ ಎಂದು ಸೇರಿಸುತ್ತ ರೂಢಿ ಮಾಡಿಸಿದೆವು. ಹಾಲಿಗೆ ಹೆಪ್ಪು ಹಾಕಿದಂತೆ ಹಾಕುವುದಲ್ಲ, ಕೂಸಿಗೆ ಅನ್ನ ರೂಢಿಸಿದಂತೆ ರೂಢಿಸುವುದು ಎಂದು ಅಕ್ಕ ಹೇಳಿದ್ದು ಸರಿಯಾಗಿತ್ತು. ಬ್ರೆಡ್ ಯೀಸ್ಟನ್ನು ಒಂದು ಚಮಚ ಕುದಿಸಿ ಆರಿಸಿ, ಹೊಸ ಯೀಸ್ಟಿಗೆ ಆಹಾರವಾಗಿ ಹಾಕಿದೆವು. ಮುಚ್ಚಳದ ಸಂದನ್ನು ಮೇಣದಿಂದ ಮುಚ್ಚಿದೆವು.

ಜುಲೈ 16ಕ್ಕೆ 1.011, ಜುಲೈ 21ಕ್ಕೆ 1.004. ಆ ದಿನ ನಾನು ಹೋಗುವ ಮೊದಲೇ ಭಾವ ಒಂದು ಪರೀಕ್ಷೆ ಮಾಡಿ ಮುಗಿಸಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ರಕ್ತ ನೋಡುವ ಗ್ಲುಕೋಮೀಟರಿನ ಪಟ್ಟಿಗೆ ಒಂದು ಹನಿ ವೈನ್ ತಾಗಿಸಿದರೆ ಅದು 58 ತೋರಿಸಿತಂತೆ. “ನನ್ನ ರಕ್ತದಾಗ ಇದರ ಎರಡ ಪಟ್ಟು ಐತಿ. ಇದರಾಗ ಸಕ್ಕರಿ ಎಲ್ಲೈತಿ?” ಎಂದು ಅವರು ಕೇಳಿದ ರೀತಿಗೆ ನಗು ಬಂದರೂ ಪ್ರಶ್ನೆ ತೀರ ಹಗುರದ್ದಲ್ಲ. ಮೊದಲನೆಯದಾಗಿ ಆ ಯಂತ್ರ ರಕ್ತಕ್ಕೆ ಮಾಡಿದ್ದು. ಹುಳಿ, ಮದ್ಯಸಾರ ಇರುವ ದ್ರವದಲ್ಲಿ ಅದರ ಅಂಕಿಯನ್ನು ನಂಬಲಾಗದು. ಅದಕ್ಕಿಂತ ದೊಡ್ಡ ತೊಡಕೆಂದರೆ ಅದು ಹುಡುಕುವುದು ಗ್ಲೂಕೋಸನ್ನು. ನಾವು ಹಾಕಿದ ಸಕ್ಕರೆಯನ್ನು ಯೀಸ್ಟ್ ಮೊದಲಿಗೆ ಸಮಪಾಲು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ, ಆಮೇಲೆ ಗ್ಲೂಕೋಸನ್ನೇ ಆರಿಸಿ ಮೊದಲು ತಿನ್ನುತ್ತದೆ. ಕೊನೆಗೆ ಉಳಿಯುವುದು ಬಹುಪಾಲು ಫ್ರಕ್ಟೋಸ್, ಅದು ಆ ಪಟ್ಟಿಗೆ ಕಾಣುವುದೇ ಇಲ್ಲ. ಹೈಡ್ರೋಮೀಟರಿನ ಪ್ರಕಾರ ಆ ಹೊತ್ತಿಗೆ ಲೀಟರಿಗೆ ಇನ್ನೂ ಹದಿನೈದು ಗ್ರಾಂನಷ್ಟು ಸಕ್ಕರೆ ಇತ್ತು. ಸಕ್ಕರೆ ಕಾಯಿಲೆಯವರು ಈ ಅಡ್ಡದಾರಿಯನ್ನು ನಂಬಿ ಲೋಟ ಎತ್ತುವುದು ಎರಡು ರೀತಿಯಲ್ಲಿ ತಪ್ಪು.

ಜುಲೈ 27ಕ್ಕೆ 0.999, ಆಗಸ್ಟ್ 2ಕ್ಕೆ 0.997. ಆಗಸ್ಟ್ 7ರಂದೂ 14ರಂದೂ ಅದೇ 0.997. ಅಂಕಿ ಬರಬೇಕಾದ ಜಾಗಕ್ಕೆ ಬಂದಿತ್ತು, ಹನ್ನೆರಡು ದಿನ ಅಲ್ಲೇ ಇತ್ತು, ಮದ್ಯಸಾರ ಶೇ. 14ರ ಆಸುಪಾಸು. ಆದರೂ ಇನ್ನೊಂದು ಸಾಕ್ಷಿ ಇರಲೆಂದು ಪ್ರಯೋಗಾಲಯದಲ್ಲಿ ಬೆನೆಡಿಕ್ಟ್ ದ್ರಾವಣದಿಂದ ಪರೀಕ್ಷಿಸಿದೆ. ಪಟ್ಟಿಗಳು ಬರುವ ಮೊದಲು ಮೂತ್ರದ ಸಕ್ಕರೆ ನೋಡಲು ಬಳಸುತ್ತಿದ್ದ ಈ ನೀಲಿ ದ್ರಾವಣ ಗ್ಲೂಕೋಸ್, ಫ್ರಕ್ಟೋಸ್ ಎರಡನ್ನೂ ಹಿಡಿಯುತ್ತದೆ: ಕುದಿಸಿದಾಗ ನೀಲಿಯೇ ಉಳಿದರೆ ಸಕ್ಕರೆ ಇಲ್ಲ, ಹಸಿರು, ಹಳದಿ, ಇಟ್ಟಿಗೆಗೆಂಪು ಎಂದು ಬಣ್ಣ ಏರಿದಂತೆ ಸಕ್ಕರೆ ಹೆಚ್ಚು. ನೇರಳೆ ವೈನನ್ನು ಹಾಗೆಯೇ ಹಾಕಿದರೆ ಅದರ ಬಣ್ಣದ ಎದುರು ಏನೂ ತಿಳಿಯುವುದಿಲ್ಲ, ಒಗರಿನ ಅಂಶಗಳೂ ದ್ರಾವಣವನ್ನು ಸ್ವಲ್ಪ ಕೆಡಿಸುತ್ತವೆ. ಇದ್ದಿಲಪುಡಿ ಹಾಕಿ ಕಲಕಿ ಸೋಸಿ ನೀರಿನಂತಾದ ವೈನನ್ನು ಹಾಕಿದೆ. ಜುಲೈ 21ರ ಮಾದರಿಯನ್ನು ಫ್ರಿಜ್ಜಿನಲ್ಲಿ ಇಟ್ಟುಕೊಂಡಿದ್ದೆ. ಅದು ಕಿತ್ತಳೆಗೆ ತಿರುಗಿತು. ಆಗಸ್ಟ್ 14ರದ್ದು ನೀಲಿಯಲ್ಲೇ ಎಲ್ಲೋ ಒಂದೆಳೆ ಹಸಿರು.

ಇಷ್ಟಾದ ಮೇಲೆ, ಆಗಸ್ಟ್ 18ರ ಮಧ್ಯಾಹ್ನ ಅಕ್ಕನ ಫೋನು: ಗುಳ್ಳೆ ಮತ್ತೆ ಸುರುವಾಗಿವೆ. ನಾಲ್ಕು ದಿನದ ಜಡಿಮಳೆ ಬಿಟ್ಟು ಅಂದು ಬಿಸಿಲು ಬಿದ್ದು, ಕ್ಯಾನಿನ ಮೈಗೂ ಕಿಟಕಿಯ ಬಿಸಿಲು ತಾಗುತ್ತಿತ್ತು. ಅಳೆದರೆ ಅದೇ 0.997. ವೈನ್ ಮುಗಿದ ಮೇಲೂ ಅದರಲ್ಲಿ ಅನಿಲ ಬಹಳ ದಿನ ಕರಗಿ ಕೂತಿರುತ್ತದೆ. ಬಿಸಿಯಾದಾಗ, ಹೊರಗಿನ ವಾಯುಭಾರ ಇಳಿದಾಗ, ಅಥವಾ ಕ್ಯಾನನ್ನು ಎತ್ತಿಟ್ಟಾಗ ಅದು ಹೊರಬರುತ್ತದೆ. ನೇರಳೆಯಲ್ಲಿರುವ ಮ್ಯಾಲಿಕ್ ಆಮ್ಲವನ್ನು ಲ್ಯಾಕ್ಟಿಕ್ ಆಮ್ಲವಾಗಿಸುವ ಬ್ಯಾಕ್ಟೀರಿಯಾಗಳಿಂದಲೂ ಇಂಥ ಗುಳ್ಳೆ ಬರುವುದುಂಟು, ಹಾಗಾದಾಗ ಹುಳಿಯ ಚೂಪು ತಗ್ಗುತ್ತದೆ. ನಮ್ಮಲ್ಲಿ ಹಾಗಾಗಿರಲಿಲ್ಲ; ಕ್ಯಾನನ್ನು ಬಿಸಿಲಿನಿಂದ ಸರಿಸಿದ ಸಂಜೆಗೇ ಎಲ್ಲ ತಣ್ಣಗಾಯಿತು. ಜೂನ್‌ನಲ್ಲಿ ಗುಳ್ಳೆ ಇಲ್ಲದೆ ಹುದುಗುವಿಕೆ ಇತ್ತು, ಆಗಸ್ಟಿನಲ್ಲಿ ಹುದುಗುವಿಕೆ ಇಲ್ಲದೆ ಗುಳ್ಳೆ ಇತ್ತು.

ಗಸಿ ಬಿಟ್ಟು ಎರಡು ಸಲ ತಿಳಿ ಬಸಿದು, ಅಕ್ಟೋಬರ್ ಮಧ್ಯದಲ್ಲಿ ಬಾಟಲಿಗೆ ತುಂಬಿದೆವು. ಅಂದಿನ ಅಂಕಿಯೂ 0.997. ಒಂದೇ ಜಗಳ ಉಳಿದಿತ್ತು: ಈಗ ವೈನಿನಲ್ಲಿ ಸಿಹಿ ಎಳ್ಳಷ್ಟೂ ಇರಲಿಲ್ಲ, ಒಗರು ಮುಂದೆ ಬಂದಿತ್ತು. ಬಾಟಲಿಗೆ ಸಕ್ಕರೆ ಹಾಕಿದರೆ ಉಳಿದ ಯೀಸ್ಟಿಗೆ ಮತ್ತೆ ಊಟವಿಟ್ಟಂತೆ. ಪೊಟ್ಯಾಸಿಯಮ್ ಸಾರ್ಬೇಟ್ ಮತ್ತು ಮೆಟಾಬೈಸಲ್ಫೈಟ್ ಎಂಬ ಸಂರಕ್ಷಕ ಪುಡಿಗಳನ್ನು ಜೊತೆಯಾಗಿ ಹಾಕಿ ಸಿಹಿ ಮಾಡುವ ಕ್ರಮವಿದೆ. ಸಾರ್ಬೇಟ್ ಯೀಸ್ಟನ್ನು ಕೊಲ್ಲುವುದಿಲ್ಲ, ಮರಿ ಹಾಕದಂತೆ ತಡೆಯುತ್ತದೆ ಅಷ್ಟೆ, ಆದ್ದರಿಂದ ಮುಗಿದು ತಿಳಿಯಾದ ವೈನಿಗೆ ಮಾತ್ರ ಅದು ಸಲ್ಲುತ್ತದೆ. ಅಕ್ಕನಿಗೆ ಪುಡಿಗಳ ಸಹವಾಸ ಬೇಡವಾಗಿತ್ತು. ಕೊಡುವ ಹೊತ್ತಿಗೆ ಲೋಟಕ್ಕೇ ಒಂದು ಚಮಚ ಪಾಕ ಬೆರೆಸುವುದೆಂದು ತೀರ್ಮಾನವಾಯಿತು.

ಹನ್ನೊಂದು ಗಾಜಿನ ಬಾಟಲಿಗಳ ಜೊತೆಗೆ ಒಂದು ಸಣ್ಣ ಪ್ಲಾಸ್ಟಿಕ್ ಸೋಡಾ ಬಾಟಲಿಯನ್ನೂ ಅದೇ ವೈನಿನಿಂದ ತುಂಬಿ, ಸ್ವಲ್ಪ ಹಿಂಡಿ ಗಾಳಿ ತೆಗೆದು ಮುಚ್ಚಳ ಹಾಕಿಟ್ಟೆವು. ಒಳಗೆ ಅನಿಲ ಹುಟ್ಟಿದರೆ ಅದು ಗಾಜಿಗಿಂತ ಮೊದಲು ಉಬ್ಬಿ ಕಲ್ಲಿನಂತಾಗುತ್ತದೆ, ಆಗ ಉಳಿದವನ್ನು ತೆರೆಯಲು ಸಮಯ ಸಿಗುತ್ತದೆ. ಅಕ್ಕ ಪ್ರತಿದಿನ ಬೆಳಿಗ್ಗೆ ಗ್ಯಾಸ್ ಹಚ್ಚುವ ಮೊದಲು ಬಗ್ಗಿ ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಡಿಸೆಂಬರ್ 24ರಂದು, ಆಂಟಿಯ ಮನೆಗೆ ಎರಡು ಬಾಟಲಿ ಕೊಟ್ಟುಬರಲು ಹೊರಟಾಗಲೂ, ಹಿಂಡಿ ತಗ್ಗು ಮಾಡಿದ್ದ ಜಾಗ ತಗ್ಗಾಗಿಯೇ ಇತ್ತು.